ಜಾಝ್‌ನವರು ನಮ್ಮ ಕಚೇರಿಗೆ ಬಂದರೆ

ನಗಬಾರದ ಜಾಗದಲ್ಲೇ ನನಗೆ ನಗು ಬರುವುದು. ಸುರಪುರದ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದವನಿಗೆ ಅಂಥ ಜಾಗಕ್ಕೆ ಬರವಿಲ್ಲ. ಈಚೆಗೆ ಈ ರೋಗ ಹೆಚ್ಚಾಗಲು ನಮ್ಮ ಓಣಿಯ ಬ್ಯಾಂಡ್ ಮಾಸ್ತರರೇ ಕಾರಣ. ನಲವತ್ತು ವರ್ಷ ಮದುವೆಗಳಲ್ಲಿ ಕ್ಲಾರಿಯೋನೆಟ್ ಊದಿದವರು. ಊರೆಲ್ಲ ಅವರನ್ನು ‘ಬಾಜಾದಂವ’ ಎನ್ನುತ್ತದೆ. ಉಸಿರು ಸೋಲುವ ಮೊದಲು ಸರಕಾರದ ಒಂದು ಚೀಟಿಯಾದರೂ ‘ಕಲಾವಿದ’ ಎನ್ನಲಿ ಎಂಬುದು ಅವರ ಆಸೆ. ಆ ಗುರುತಿನ ಚೀಟಿಗೆ ಅರ್ಜಿ ಬರೆದುಕೊಟ್ಟವನು ನಾನೇ.

ಅರ್ಜಿ ಬರೆದ ದಿನ ಅವರಿಗೆ ಮೊಬೈಲಿನಲ್ಲಿ ಅಮೆರಿಕದ ಜಾಝ್ ಮೇಳ ತೋರಿಸಿದೆ. ಯಾರ ಮುಂದೆಯೂ ಕಾಗದವಿಲ್ಲ. ಒಬ್ಬ ಮನಸ್ಸು ಬಂದತ್ತ ಹೋಗುತ್ತಾನೆ, ಉಳಿದವರು ದಾರಿ ಬಿಡುತ್ತಾರೆ, ಕಡೆಗೆ ಎಲ್ಲರೂ ಬಂದು ಕೂಡುತ್ತಾರೆ. ಮಾಸ್ತರರು ಪೂರ್ತಿ ಕೇಳಿ, “ಇವರನ್ನ ನಿಮ್ಮ ಆಫೀಸಿನಾಗ ಕುಂದ್ರಸ್ರಿ, ಕೆಲಸ ಆಗ್ತಾವ” ಎಂದರು. ಅಂದಿನಿಂದ ಕೂರಿಸುತ್ತಲೇ ಇದ್ದೇನೆ, ತಲೆಯೊಳಗೆ.

೧. ಭೂಮಾಪಕ

ಕಕ್ಕೇರಾದ ರೈತರೊಬ್ಬರು ಹೊಲ ಅಳೆಯಲು ಭೂಮಾಪಕ ಬರಲಿಲ್ಲವೆಂದು ಆರನೇ ಸಲ ಬಂದಿದ್ದರು. ಆ ಮೇಳದ ಸ್ಯಾಕ್ಸೊಫೋನಿನವನನ್ನು ಕಳಿಸಿದರೆ ಹೇಗೆ ಎಂದು ಯೋಚಿಸಿದೆ. ಮೂಲೆಯ ಕಲ್ಲಿನಿಂದ ಶುರು ಮಾಡುತ್ತಾನೆ, ಪಕ್ಕದವರ ತೊಗರಿ ಹೊಲ ಹೊಕ್ಕು, ಹಳ್ಳ ದಾಟಿ, ಮುಂದಿನ ಊರಲ್ಲಿ ಚಹಾ ಕುಡಿದು, ಸರಿಯಾಗಿ ಅದೇ ಕಲ್ಲಿಗೆ ವಾಪಸ್. ನಗು ತಡೆಯದೆ ಅವರಿಗೂ ಹೇಳಿಬಿಟ್ಟೆ. ಅವರು ನಗಲಿಲ್ಲ.

“ಎತ್ತಾಗರ ಹೋಗ್ಲಿರಿ. ಬರತಾನಲ್ಲ?”

೨. ಟಪಾಲು ಟೇಬಲ್

ಡ್ರಮ್ಮಿನವನನ್ನು ಟಪಾಲಿಗೆ ಹಾಕಿದೆ. ಒಂದು ಕೈಯಲ್ಲಿ ಸೀಲು, ಇನ್ನೊಂದರಲ್ಲಿ ತಾರೀಖಿನ ಮೊಹರು, ಕಾಲಲ್ಲಿ ಒದೆಯಲು ಕಬ್ಬಿಣದ ಅಲಮಾರು. ಸಭೆಯ ನಡುವೆ ನೆನಪಾಗಿ ನಕ್ಕೆ. ಸಾಹೇಬರು ಕಾರಣ ಕೇಳಿದರು, ಹೇಳಿದೆ. ಅವರು ಪೆನ್ನಿನ ಟೋಪಿ ಹಾಕಿದರು. ಆಮೇಲೆ, ಆತ ಕಂಪ್ಯೂಟರ್ ಪರೀಕ್ಷೆ ಪಾಸಾಗಿದ್ದಾನೋ ಎಂದು ವಿಚಾರಿಸಿದರು.

೩. ಅಸಲು, ನಕಲು

ಮಾಸ್ತರರಿಗೆ ಯಾದಗಿರಿಯಿಂದ ಸಂದರ್ಶನದ ಪತ್ರ ಬಂತು. ಜೊತೆಗೆ ನಾನೂ ಹೋದೆ. ದಾರಿಯುದ್ದಕ್ಕೂ ಅವರು ಇಸ್ತ್ರಿ ಮಾಡಿದ ಅಂಗಿ ಮುದ್ದೆಯಾಗದಂತೆ ಬಸ್ಸಿನ ಸೀಟಿಗೆ ಒರಗಲಿಲ್ಲ.

ಒಳಗೆ ಮೂವರು ಅಧಿಕಾರಿಗಳಿದ್ದರು. ಹಿಂದೆ ಯಾರೋ ಕೊಳಲು ತುಟಿಗಿಟ್ಟು, ಜೇಬಿನಲ್ಲಿ ಮೊಬೈಲಿನ ಹಾಡು ಹಚ್ಚಿ, ಚೀಟಿ ಒಯ್ದಿದ್ದನಂತೆ. ಅದಕ್ಕೆ ಈ ಸಲ ಬಿಗಿ ತಪಾಸಣೆ. ಮಾಸ್ತರರು ಮದುಮಗಳನ್ನು ಕಳಿಸಿಕೊಡುವಾಗ ಊದುವ ಧಾಟಿ ಊದಿದರು. ಬಾಗಿಲ ಹೊರಗಿದ್ದ ಜವಾನ ಕಣ್ಣೊರೆಸಿಕೊಂಡ. ಅಧಿಕಾರಿಗಳು ರೆಕಾರ್ಡ್ ಮಾಡಿಕೊಂಡರು.

ಮೂವರಲ್ಲಿ ದೊಡ್ಡ ಸಾಹೇಬರು, ಇನ್ನು ಅದನ್ನೇ ಮತ್ತೊಮ್ಮೆ ನುಡಿಸಿ, ತಾಳೆ ನೋಡಬೇಕು ಎಂದರು. ದಾಖಲೆ ಯಾವುದೇ ಇರಲಿ, ಮೂಲದೊಡನೆ ತಾಳೆ ನೋಡಿದ ಮೇಲೆಯೇ ಸಹಿ ಹಾಕುವುದು ನಮ್ಮ ಇಲಾಖೆಗಳ ಪದ್ಧತಿ.

ಮಾಸ್ತರರು ಮತ್ತೆ ಊದಿದರು. ಧಾಟಿ ಅದೇ, ದಾರಿ ಬೇರೆ. ಈ ಸಲ ಮದುಮಗಳು ಬಾಗಿಲಲ್ಲಿ ನಿಂತು ಎರಡು ಸಲ ಹಿಂತಿರುಗಿ ನೋಡಿದಂತಿತ್ತು. ಸಾಹೇಬರು ರೆಕಾರ್ಡಿಂಗ್ ಹಚ್ಚಿ ಕೇಳಿ, ಎರಡೂ ತಾಳೆಯಾಗುತ್ತಿಲ್ಲ ಎಂದು ಕಡತ ಮುಚ್ಚಿದರು. ನಲವತ್ತು ವರ್ಷದ ಉಸಿರು ಆ ಕಡತದಲ್ಲಿತ್ತು.

ಮಾಸ್ತರರು ಗಾಬರಿಯಾಗಲಿಲ್ಲ. ವಾದ್ಯವನ್ನು ಅಂಗಿಯ ತುದಿಯಿಂದ ಒರೆಸಿ ಹೇಳಿದರು: “ಎರಡೂ ಅಸಲ್ ಅದಾವ್ರಿ ಸಾಹೇಬ್ರ. ನಕಲ್ ನನಗ ಬರಂಗಿಲ್ಲ.”

ಸಾಹೇಬರು ಕಡತ ಮತ್ತೆ ತೆರೆದು ಬರೆಯತೊಡಗಿದರು. ಟೇಬಲಿನ ಈಚೆಯಿಂದ ತಲೆಕೆಳಗಾದ ಅಕ್ಷರ ಓದುವುದು ಗುಮಾಸ್ತನಿಗೆ ಕಷ್ಟವಲ್ಲ:

‘ಅರ್ಜಿದಾರರು ಎರಡು ಮೂಲ ಪ್ರತಿ ಹಾಜರುಪಡಿಸಿರುತ್ತಾರೆ. ನಿಯಮದಂತೆ ಒಂದು ಸಾಕಿತ್ತು. ಮಂಜೂರು.’