ಎರಡು ಸ್ಟಾರಿನ ಹುಡುಗ

ತನಗೆ ಸಂಬಂಧವೇ ಇಲ್ಲದ ವಿಷಯದಲ್ಲಿ ಮನುಷ್ಯನಿಗೆ ಬರುವಷ್ಟು ಸಿಟ್ಟು ಸ್ವಂತ ವಿಷಯದಲ್ಲಿ ಬರುವುದಿಲ್ಲ. ಸ್ವಂತ ವಿಷಯದಲ್ಲಿ ಸಿಟ್ಟು ಮಾಡಿಕೊಂಡರೆ ಆಮೇಲೆ ಏನಾದರೂ ಮಾಡಬೇಕಾಗುತ್ತದೆ. ನಲ್ಲಿ ಸೋರುತ್ತಿದೆ ಎಂದು ಕೂಗಿದವನೇ ಪಾನಾ ಹಿಡಿದು ಸಿಂಕಿನ ಕೆಳಗೆ ತೂರಬೇಕು. ಸಂಬಂಧವಿಲ್ಲದ ವಿಷಯದಲ್ಲಿ ಆ ತಾಪತ್ರಯವಿಲ್ಲ. ಆದ್ದರಿಂದಲೇ, ಗದಗಿನಲ್ಲಿ ಹುಟ್ಟಿ, ಆಕ್ಲೆಂಡಿನ ಪಾಪಟೋಟೊಯಿಯಲ್ಲಿ ಮನೆ ಮಾಡಿ, ಈಸ್ಟ್ ತಮಾಕಿಯ ಗೋದಾಮೊಂದರಲ್ಲಿ ಬ್ಯಾಂಡೇಜು, ಸಿರಿಂಜುಗಳನ್ನು ಪೆಟ್ಟಿಗೆಗೆ ತುಂಬುವ ನಾನು, ಅಮೆರಿಕದ ಒಂದು ಕಾಲೇಜು ಫುಟ್‌ಬಾಲ್ ತಂಡ ಯಾವ ಹುಡುಗನನ್ನು ಸೇರಿಸಿಕೊಳ್ಳಬೇಕು, ಯಾವನನ್ನು ಬಿಡಬೇಕು ಎಂಬ ಚಿಂತೆಯಲ್ಲಿ ಒಂದು ಇಡೀ ಬೇಸಿಗೆ ರಕ್ತದೊತ್ತಡ ಏರಿಸಿಕೊಂಡು ಕೂತಿದ್ದೆ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿಯ ಅಣ್ಣ ಖಾದರ್. ಅವನು ಅಮೆರಿಕದ ದಕ್ಷಿಣದಲ್ಲೊಂದು ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಬಗ್ಗೆ ಪಾಠ ಹೇಳುತ್ತಾನೆ. ಒಂದು ಈದ್‌ಗೆ ನನಗೆ ಆ ವಿಶ್ವವಿದ್ಯಾಲಯದ ತಂಡದ ಟೋಪಿ ಕಳಿಸಿದ. ಟೋಪಿ ಹಾಕಿಕೊಂಡ ಮೇಲೆ ಅದರ ಬಗ್ಗೆ ಎರಡು ಮಾತು ಗೊತ್ತಿರಬೇಕಲ್ಲ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಅಷ್ಟೇ, ಸಿಕ್ಕಿಬಿದ್ದೆ. ನಮ್ಮ ಗೋದಾಮಿನಲ್ಲಿ ಎಲ್ಲರಿಗೂ ರಗ್ಬಿ ಗೊತ್ತು, ನಮ್ಮ ಕನ್ನಡದವರಿಗೆಲ್ಲ ಕ್ರಿಕೆಟ್ ಗೊತ್ತು; ಎರಡೂ ಕಡೆ ನಾನು ಬಾಯಿ ತೆರೆದರೆ ತಿದ್ದುವವರೇ ಜಾಸ್ತಿ. ಅಮೆರಿಕದ ಫುಟ್‌ಬಾಲಿನ ವಿಷಯದಲ್ಲಿ ಮಾತ್ರ ಇಡೀ ಪಾಪಟೋಟೊಯಿಗೆ ನನ್ನಷ್ಟು ತಿಳಿದವರಿರಲಿಲ್ಲ. ಉಳಿದವರಿಗೆ ಏನೂ ತಿಳಿದಿರಲಿಲ್ಲ ಎನ್ನುವುದು ಅದಕ್ಕೆ ಕಾರಣ. ನಾನು ಒಂದು ಪಂದ್ಯವನ್ನೂ ಪೂರ್ತಿ ನೋಡಿದವನಲ್ಲ. "ಡ್ಯಾಡ್, ಯು ಡೋಂಟ್ ಈವನ್ ನೋ ದ ರೂಲ್ಸ್," ಎಂದು ಮಗಳು ರುಬೀನಾ ಹೇಳಿದಳು. ರೂಲ್ಸು ಗೊತ್ತಿದ್ದವರು ಆಡುತ್ತಾರಮ್ಮಾ, ಗೊತ್ತಿಲ್ಲದವರು ಚರ್ಚೆ ಮಾಡುತ್ತಾರೆ ಎಂದು ಅವಳಿಗೆ ತಿಳಿಸಿ ಹೇಳಿದೆ.

ಆಟಕ್ಕಿಂತ ನನಗೆ ಹಿಡಿಸಿದ್ದು ಆ ಆಯ್ಕೆಯ ಸಂಭ್ರಮ. ಅಲ್ಲಿ ಹೈಸ್ಕೂಲು ಮುಗಿಸುವ ಆಟಗಾರರಿಗೆಲ್ಲ ಯಾರೋ ಪುಣ್ಯಾತ್ಮರು ಸ್ಟಾರ್ ಕೊಡುತ್ತಾರೆ, ಹೋಟೆಲುಗಳಿಗೆ ಕೊಟ್ಟ ಹಾಗೆ. ಐದು ಸ್ಟಾರಿನವನ ಮನೆ ಮುಂದೆ ಕಾಲೇಜುಗಳ ಕೋಚುಗಳು ಸಾಲು ನಿಲ್ಲುತ್ತಾರೆ. ಹುಡುಗ ಒಬ್ಬರಿಗೆ ಮಾತು ಕೊಡುತ್ತಾನೆ, ಆಮೇಲೆ ಇನ್ನೊಬ್ಬರ ಮನೆಯ ಊಟ ರುಚಿಯಾಗಿ ಕಂಡು ಮಾತು ಮುರಿಯುತ್ತಾನೆ. ಫೆಬ್ರುವರಿಯ ಒಂದು ಬುಧವಾರ ಸಹಿ ಹಾಕುವ ದಿನ. ಅಲ್ಲಿಯವರೆಗೆ ತಂಡದ ಅಭಿಮಾನಿಗಳು ಇಂಟರ್‌ನೆಟ್ಟಿನ ಚರ್ಚಾಕಟ್ಟೆಯಲ್ಲಿ ಕೂತು ಒಬ್ಬೊಬ್ಬ ಹುಡುಗನ ಎತ್ತರ, ತೂಕ, ನಡತೆ, ಅವನ ತಾಯಿಯ ಮನಸ್ಸು ಎಲ್ಲವನ್ನೂ ಅಳೆಯುತ್ತಾರೆ. ನಮ್ಮ ಕಡೆ ಗಂಡು ನೋಡುವ ಶಾಸ್ತ್ರವನ್ನು ಇಷ್ಟು ಅಚ್ಚುಕಟ್ಟಾಗಿ ಹೊರದೇಶದವರು ನಡೆಸುವುದನ್ನು ಕಂಡು ನನಗೆ ತವರಿಗೆ ಬಂದಷ್ಟು ಸುಖವಾಯಿತು. ಪಾಪಟೋಟೊಯಿ ಪೈಲ್ವಾನ್ ಎಂಬ ಗುಪ್ತನಾಮ ಇಟ್ಟುಕೊಂಡು ನಾನೂ ಕಟ್ಟೆ ಏರಿದೆ. ನಾನು ಯಾರು, ಎಲ್ಲಿಯವನು ಎಂದು ದೇವರಾಣೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಮನೆಯಲ್ಲಿ ಮಾತ್ರ ಇದು ಎಲ್ಲರಿಗೂ ಗೊತ್ತಾಗಿತ್ತು. ಆಗ ನಮ್ಮ ಮನೆಗೆ ಇಂಟರ್‌ನೆಟ್ ಬರುತ್ತಿದ್ದುದು ಫೋನಿನ ತಂತಿಯಲ್ಲೇ. ನಾನು ಒಳಗೆ ಹೋದೆನೆಂದರೆ ಫೋನು ಸತ್ತಂತೆ. ಹೆಂಡತಿ ಹಸೀನಾ ಆಸ್ಪತ್ರೆಯಲ್ಲಿ ನರ್ಸು. ಬದಲಿ ಡ್ಯೂಟಿಗೆ ಕರೆಯಲು ವಾರ್ಡಿನವರು ಫೋನು ಮಾಡಿ ಮಾಡಿ, ಕೊನೆಗೆ ಪಕ್ಕದ ಮನೆಯ ಟೋಂಗನ್ ಅಜ್ಜಿಗೆ ಫೋನು ಮಾಡಿ, ಆ ಅಜ್ಜಿ ಊರುಗೋಲು ಹಿಡಿದುಕೊಂಡು ನಮ್ಮ ಬಾಗಿಲು ತಟ್ಟಿದ ಪ್ರಸಂಗವೂ ನಡೆಯಿತು. ಅವತ್ತು ನಾನು ಯಾವನೋ ಹುಡುಗನ ತೂಕದ ಬಗ್ಗೆ ವಾದ ಮಾಡುತ್ತಿದ್ದಾಗ ಹಸೀನಾ ನನ್ನ ಎದುರು ಬಂದು ನಿಂತಳು.

"ಆ ಹುಡುಗ ನಿಮಗ ಏನಾಗಬೇಕ್ರಿ? ನಿಮ್ಮಕ್ಕನ ಮಗಾ ಏನು? ಅಂವ ಆಡಿದ್ರೇನು, ಬಿಟ್ರೇನು! ಮೊದ್ಲ ಆ ಲೈನ್ ಬಿಡ್ರಿ. ಅಪ್ಪ ಅಲ್ಲಿಂದ ಫೋನ್ ಹಚ್ಚಿ ಹಚ್ಚಿ ಸಾಕಾಗಿ ಕುಂತಾರ."

ಅಪ್ಪ ಎಂದರೆ ನನ್ನ ಮಾವನವರು. ಗದಗಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದು ರಿಟೈರ್ ಆದವರು. ನಮಗೆ ಬೇಸಿಗೆಯೆಂದರೆ ಅಮೆರಿಕದಲ್ಲಿ ಚಳಿಗಾಲ; ಆ ಚಳಿಗಾಲ ಅತ್ತೆಯ ಜೊತೆ ಖಾದರನ ಮನೆಯಲ್ಲಿದ್ದರು. ಅಲ್ಲಿಂದ ನಮ್ಮಲ್ಲಿಗೆ ಬಂದು, ಆಮೇಲೆ ಊರಿಗೆ ಹೋಗುವುದೆಂದು ಠರಾವಾಗಿತ್ತು. ನಮ್ಮ ಕಡೆ ಅಳಿಯನಿಗೆ ಮರ್ಯಾದೆ ಬಹಳ, ಮಾತು ಕಡಿಮೆ. ಕೋಳಿಯ ತೊಡೆ ನನ್ನ ತಟ್ಟೆಗೇ ಬೀಳುತ್ತದೆ, ಆದರೆ ಅದನ್ನು ಬಡಿಸಿ ಎಂದು ಮಾವ ಹೇಳುವುದು ಅತ್ತೆಗೆ. ನಿಕಾಹ್ ಆದಾಗಿನಿಂದ ನಮ್ಮಿಬ್ಬರ ನಡುವೆ ಆದ ಮಾತೆಂದರೆ "ಆರಾಮ?" "ಆರಾಮ." ನನ್ನ ಬಗ್ಗೆ ಅವರಿಗೆ ಏನು ಅನಿಸುತ್ತದೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಕೇಳದೆ ಇದ್ದುದಕ್ಕೆ ಕಾರಣವಿತ್ತು. ಹಸೀನಾಗೆ ಮೊದಲು ನಿಶ್ಚಯವಾಗಿದ್ದ ಗಂಡು ನಾನಲ್ಲ, ಹುಬ್ಬಳ್ಳಿಯ ಒಬ್ಬ ಹಲ್ಲಿನ ಡಾಕ್ಟರು. ಶಾಮಿಯಾನಾದವನಿಗೆ ಮುಂಗಡ ಕೊಟ್ಟಾದ ಮೇಲೆ ಆತ ಬೇರೆ ಕಡೆ ಸಂಬಂಧ ಚೆನ್ನಾಗಿದೆಯೆಂದು ಕೈಕೊಟ್ಟ. ಆಗ ಅವಸರದಲ್ಲಿ ಯಾರೋ ನೆನಪು ಮಾಡಿಕೊಂಡ ಹೆಸರು ನನ್ನದು. ಒಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಕೆಮಿಸ್ಟ್ರಿ ಕಲಿಸುತ್ತಿದ್ದೆ. ಶಾಮಿಯಾನಾ ಅದೇ, ತಾರೀಖು ಅದೇ, ಬಿರಿಯಾನಿಯ ಅಡುಗೆಯವನೂ ಅವನೇ. ಬದಲಾದದ್ದು ನಾನೊಬ್ಬ.

ಇಂಥವನು ಕೊನೆ ಗಳಿಗೆಯಲ್ಲಿ ಬಂದವರ ಮೇಲೆ ಕನಿಕರ ತೋರಿಸಬೇಕಿತ್ತು ಎಂದು ನೀವು ಹೇಳಬಹುದು. ನಾನು ತೋರಿಸಲಿಲ್ಲ. ಬಸ್ಸಿನ ಬಾಗಿಲಲ್ಲಿ ಜೋತಾಡಿಕೊಂಡು ಹತ್ತಿದವನೇ ಒಳಗೆ ಹೋದ ಮೇಲೆ "ಇನ್ನು ಜಾಗ ಇಲ್ಲ, ರೈಟ್" ಎನ್ನುತ್ತಾನೆ. ಸಹಿಯ ದಿನಕ್ಕೆ ಸ್ವಲ್ಪವೇ ಮುಂಚೆ ನಮ್ಮ ತಂಡಕ್ಕೆ ಮಾತು ಕೊಟ್ಟಿದ್ದ ಐದು ಸ್ಟಾರಿನ ಹುಡುಗ ಕೈಕೊಟ್ಟ. ಆ ಜಾಗಕ್ಕೆ ಕೋಚ್ ಹಿಡಿದುಕೊಂಡು ಬಂದದ್ದು ಎರಡು ಸ್ಟಾರಿನ ಒಬ್ಬನನ್ನು. ಕುಳ್ಳ, ಓಟ ಸಾಧಾರಣ, ಊರಿನ ಹೆಸರು ನಕಾಶೆಯಲ್ಲಿ ಹುಡುಕಿದರೂ ಸಿಗದು, ಬೇರೆ ಯಾವ ಕಾಲೇಜೂ ಅವನ ಕಡೆ ತಿರುಗಿ ನೋಡಿರಲಿಲ್ಲ. ಕಟ್ಟೆಯಲ್ಲಿ ದೊಂಬಿ ಎದ್ದಿತು. ಎಲ್ಲರಿಗಿಂತ ಮುಂದೆ ನಾನಿದ್ದೆ. "ಖಾಲಿ ಕುರ್ಚಿ ಕಂಡರೆ ಯಾರನ್ನಾದರೂ ಕೂರಿಸಬೇಕೆಂಬ ನಿಯಮವಿದೆಯೇ? ಕೊನೆ ಗಳಿಗೆಯಲ್ಲಿ ಸಿಕ್ಕುವವರು ಯಾರಿಗೂ ಬೇಡವಾಗಿ ಉಳಿದವರು. ಇಂಥವರನ್ನು ತಂದ ಮನೆ ಉದ್ಧಾರವಾದದ್ದನ್ನು ನಾನು ಕಂಡಿಲ್ಲ" ಎಂದು ನನಗೆ ಬರುವ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಬರೆದೆ. ಬಹಳ ಜನ ಭೇಷ್ ಎಂದರು. ಮರುದಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುವಾಗ ನನ್ನ ಕೈಯಲ್ಲಿ ಒಂದು ಬಗೆಯ ಗತ್ತು ಬಂದಿತ್ತು.

ಒಬ್ಬ ಮಾತ್ರ ಒಪ್ಪಲಿಲ್ಲ. ಅವನ ಗುಪ್ತನಾಮ ಓಲ್ಡ್ ವಿಸಲ್, ಅಂದರೆ ಹಳೇ ಸೀಟಿ. ಕಟ್ಟೆಗೆ ಹೊಸಬ. ಅವನ ವಾಕ್ಯಗಳು ಮೂರು ನಾಲ್ಕು ಪದ ದಾಟುತ್ತಿರಲಿಲ್ಲ, ಎಲ್ಲವೂ ಅಪ್ಪಣೆ ಕೊಟ್ಟಂತೆ. ಉಳಿದವರು ಹುಡುಗನ ತೂಕ, ವೇಗ ಎಂದು ಹೊಡೆದಾಡುವಾಗ ಅವನು ಮತ್ತೆ ಮತ್ತೆ ಕೇಳುತ್ತಿದ್ದುದು ಒಂದೇ: "ಪಾದ ನೋಡಿದಿರಾ? ಮೊದಲು ಪಾದ ನೋಡಿ." ಜನ ನಕ್ಕರು. ದೊಡ್ಡ ಹ್ಯಾಟು ಹಾಕಿಕೊಂಡು, ಮನೆಯ ಮುಂದೆ ತೂಗುಕುರ್ಚಿಯಲ್ಲಿ ಕೂತ ಯಾವನೋ ಮುದಿ ಅಮೆರಿಕನ್ ಕೋಚು ಎಂದು ನಾನು ಚಿತ್ರ ಬರೆದುಕೊಂಡೆ. "ಮುದುಕಪ್ಪಾ, ನಾವು ಆಟಗಾರನನ್ನು ತರುತ್ತಿದ್ದೇವೆ, ಎತ್ತನ್ನಲ್ಲ" ಎಂದು ಬರೆದು, ಆ ಜೋಕಿಗೆ ನಾನೇ ಒಂದಿಷ್ಟು ಹೊತ್ತು ನಕ್ಕೆ.

ಅದಕ್ಕೆ ಬಂದ ಉತ್ತರವನ್ನು ನಾನು ಚಹಾ ಕುಡಿಯುತ್ತ ಓದಿದೆ. "ಪಾಪಟೋಟೊಯಿಯ ಮಹನೀಯರು ತಪ್ಪು ತಿಳಿದಿದ್ದಾರೆ. ನಾನೂ ಒಬ್ಬನನ್ನು ತಂದೆ. ಕೊನೆ ಗಳಿಗೆ. ಮೊದಲಿನವನು ಓಡಿಹೋಗಿದ್ದ. ಇವನಿಗೆ ಸ್ಟಾರ್ ಕಡಿಮೆ. ಹಿತ್ತಲಿಗೆ ಕಳಿಸಿದೆ. ತುಂಬಿದ ಕೊಡ ತರಿಸಿದೆ. ಪಾದ ನೋಡಿದೆ. ಹೆಜ್ಜೆ ತಪ್ಪಲಿಲ್ಲ."

ಕಪ್ಪು ಕೆಳಗಿಟ್ಟು ಇನ್ನೊಮ್ಮೆ ಓದಿದೆ. ಹೆಣ್ಣು ನೋಡಲು ಹೋದ ದಿನ ಎಲ್ಲರೂ ಕೂತಿರುವಾಗ ಮಾವನವರು ನನ್ನನ್ನು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿದ್ದ ಮದುಮಗನನ್ನು, ಹಿತ್ತಲಿಂದ ಒಂದು ಕೊಡ ನೀರು ತರಲು ಕಳಿಸಿದ್ದರು. ಮನೆಯಲ್ಲಿ ಇಷ್ಟು ಜನ ಇದ್ದೂ ನನಗೇ ಯಾಕೆ ಹೇಳಿದರು ಎಂದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ. ಆ ನೀರನ್ನು ಯಾರೂ ಕುಡಿಯಲೂ ಇಲ್ಲ. ನಾನು ಕೊಡ ಇಳಿಸಿದ ಕೂಡಲೇ ಅವರು ತಲೆಯಾಡಿಸಿ ಖರ್ಜೂರ ಹಂಚಲು ಹೇಳಿದ್ದರು. ಅಮೆರಿಕದ ಹ್ಯಾಟು, ತೂಗುಕುರ್ಚಿ ಎಲ್ಲ ಕರಗಿ, ಆ ಜಾಗದಲ್ಲಿ ಸ್ವೆಟರು, ಮಂಕಿಕ್ಯಾಪು ಹಾಕಿಕೊಂಡು, ಹೊರಗೆ ಹೋಗಲಾರದೆ ಖಾದರನ ಕಂಪ್ಯೂಟರಿನ ಮುಂದೆ ಕೂತ ನನ್ನ ಮಾವ ಕಂಡರು. ನಾನು ಮುದುಕಪ್ಪಾ ಎಂದು ಕರೆದದ್ದು ಅವರನ್ನು. ಯಾರಿಗೂ ಬೇಡವಾಗಿ ಉಳಿದವರು ಎಂದು ಬರೆದದ್ದು ನನ್ನ ಬಗ್ಗೆಯೇ.

ಹೆದರಿಕೆಯ ಜೊತೆಗೇ ಒಂದು ಆಸೆಯೂ ಹುಟ್ಟಿತು. ಅವರು ಯಾರೆಂದು ನನಗೆ ಗೊತ್ತು, ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಇಷ್ಟು ವರ್ಷ ಕೇಳಲಾರದ್ದನ್ನು ಕೇಳಲು ಇದಕ್ಕಿಂತ ಒಳ್ಳೆಯ ಪರದೆ ಸಿಗುವುದಿಲ್ಲ. ಎರಡು ಸಲ ಅಳಿಸಿ, ಮೂರನೆಯ ಸಲ ಬರೆದೆ: "ಹಾಗಾದರೆ ಅವನು ಹೇಗೆ ಆಡಿದ?"

ಉತ್ತರ ಬರುವವರೆಗೆ ನನಗೆ ಊಟ ಸೇರಲಿಲ್ಲ. ಗೋದಾಮಿನಲ್ಲಿ ಸಿರಿಂಜಿನ ಪೆಟ್ಟಿಗೆಗೆ ಕೈಗವಸು ತುಂಬಿದೆ. ಅವರು ಬೈದರೆ ಏನು ಮಾಡುವುದು? ವಿಮಾನ ಇಳಿದು ಇಲ್ಲಿಗೇ ಬರುವವರು. ಆ ಮಾತು ಓದಿದ ಮೇಲೆ ಅವರ ಮುಂದೆ ಕೂತು ಕೋಳಿಯ ತೊಡೆ ಹೇಗೆ ತಿನ್ನಲಿ? "ಏನಾತು, ನಿಮ್ಮ ಟೀಮ್ ಸೋತೇನು?" ಎಂದು ಹಸೀನಾ ಕೇಳಿದಳು. ಇನ್ನೂ ಗೊತ್ತಾಗಿಲ್ಲ ಎಂದೆ.

ಕೊನೆಗೆ ಬಂತು. ಈ ಸಲ ಸ್ವಲ್ಪ ಉದ್ದವಾಗಿ, ಆದರೆ ಅದೇ ತುಂಡು ತುಂಡು ವಾಕ್ಯಗಳಲ್ಲಿ. "ಶುರುವಿನಲ್ಲಿ ಸಾಧಾರಣ. ಮಾತು ಜಾಸ್ತಿ. ಆದರೆ ನಮ್ಮ ಕ್ಯಾಪ್ಟನ್ ಪರದೇಶಕ್ಕೆ ಹೊರಟಳು. ಅಲ್ಲಿ ನರ್ಸಾಗಲು ಅವಳು ಮತ್ತೆ ಪರೀಕ್ಷೆ ಕಟ್ಟಬೇಕಿತ್ತು. ಇವನು ಮೇಷ್ಟರ ಕೆಲಸ ಬಿಟ್ಟು ಜೊತೆಗೆ ಹೋದ. ಅವಳು ಓದಿದಳು. ಇವನು ಪೆಟ್ಟಿಗೆ ಹೊತ್ತ, ಅಡುಗೆ ಮಾಡಿದ, ಮಗುವನ್ನು ಮಲಗಿಸಿದ. ಕೊಡ ತುಳುಕಲಿಲ್ಲ. ಐದು ಸ್ಟಾರಿನವನು ಇದನ್ನು ಮಾಡುತ್ತಿರಲಿಲ್ಲ. ಮತ್ತೆ ಆರಿಸು ಎಂದರೆ ಇವನನ್ನೇ ಆರಿಸುತ್ತೇನೆ. ಇದನ್ನು ಅವನಿಗೆ ಹೇಳಿಲ್ಲ. ಎದುರಿಗೆ ಹೊಗಳಿದರೆ ಇಂಥ ಹುಡುಗರ ಗಮನ ಆಟದ ಮೇಲಿರುವುದಿಲ್ಲ."

ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಇದರಲ್ಲಿ ಮುಚ್ಚಿಡುವುದೇನಿಲ್ಲ. ಮುಖ ತೊಳೆದುಕೊಂಡು ಬಂದವನೇ ಕಟ್ಟೆಯಲ್ಲಿ ಆ ಎರಡು ಸ್ಟಾರಿನ ಹುಡುಗನ ಪರವಾಗಿ ಎಂಥ ವಾದ ಮಂಡಿಸಿದೆನೆಂದರೆ, ಹಿಂದಿನ ವಾರ ನನಗೆ ಭೇಷ್ ಎಂದವರೆಲ್ಲ ಸೇರಿ ನನ್ನನ್ನು ಎದುರು ತಂಡದ ಗೂಢಚಾರನೆಂದು ತೀರ್ಮಾನಿಸಿದರು. ಹುಡುಗ ಸಹಿ ಹಾಕಿದ. ಒಂದೇ ವರ್ಷದಲ್ಲಿ ಮನೆಯ ನೆನಪಾಗಿ ಆಟ ಬಿಟ್ಟು ಊರಿಗೆ ಹೋದನಂತೆ. ಅದು ಆಮೇಲಿನ ಮಾತು. ನನ್ನ ಮಟ್ಟಿಗೆ ಅವನು ಗೆದ್ದಿದ್ದ.

ಮುಂದಿನ ತಿಂಗಳು ಅತ್ತೆ ಮಾವ ಬಂದಿಳಿದರು. ವಿಮಾನ ನಿಲ್ದಾಣ ನಮ್ಮ ಮನೆಗೆ ಹತ್ತಿರ, ಎಲ್ಲರೂ ಹೋಗಿದ್ದೆವು. ಅವಸರದಲ್ಲಿ ನಾನು ಹವಾಯಿ ಚಪ್ಪಲಿಯಲ್ಲೇ ಹೊರಟಿದ್ದೆ. ಅಪ್ಪ ಮಗಳು ತಬ್ಬಿಕೊಂಡದ್ದಾಯಿತು, ಮೊಮ್ಮಗಳ ಗಲ್ಲ ಹಿಂಡಿದ್ದಾಯಿತು. ಆಮೇಲೆ ಮಾವ ನನ್ನ ಕಡೆ ತಿರುಗಿದರು. ಮೊದಲು ಪಾದ ನೋಡಿದರು, ಆಮೇಲೆ ಮುಖ. ನಾನು "ಆರಾಮ?" ಎಂಬ ಪ್ರಶ್ನೆಗೆ "ಆರಾಮ" ಎಂಬ ಉತ್ತರ ತಯಾರು ಮಾಡಿಕೊಂಡು ನಿಂತಿದ್ದೆ.

"ಏನ್ರಿ ಪೈಲ್ವಾನ್ರ," ಎಂದರು ಮಾವ. "ಇನ್ನ ನಾಕು ದಿನಾ ನಾ ಇಲ್ಲೇ ಇರ್ತೀನಿ. ಏನರ ಬೈಯೂದಿದ್ರ ಮಾರಿ ನೋಡಿ ಬೈರಿ. ಫೋನ್ ಲೈನ್ ಖಾಲಿ ಬಿಡ್ರಿ."

ನನ್ನ ತಲೆಗೆ ಅಲ್ಲಿಯವರೆಗೂ ಹೊಳೆಯದಿದ್ದದ್ದು ಆಗ ಹೊಳೆಯಿತು. ಹಣೆಯ ಮೇಲೆ ಪಾಪಟೋಟೊಯಿ ಎಂದು ಬರೆದುಕೊಂಡು, ಖಾದರ್ ಕಳಿಸಿದ ಟೋಪಿಯ ತಂಡದ ಕಟ್ಟೆಯಲ್ಲೇ ಕೂತು, ನಾನು ಗುಟ್ಟಾಗಿದ್ದೇನೆಂದು ತಿಳಿದುಕೊಂಡಿದ್ದೆ. ಅವರು ಬರೆದ ಪ್ರತಿ ಅಕ್ಷರವನ್ನೂ ನನಗೇ ಬರೆದಿದ್ದರು. ನನ್ನನ್ನು ನಾನೇ ಬಯ್ದುಕೊಳ್ಳುತ್ತಿದ್ದಾಗ, ನನ್ನ ಪರವಾಗಿ ನನ್ನ ಹತ್ತಿರವೇ ವಾದ ಮಾಡಿದ್ದರು.

ಕಾರಿನಲ್ಲಿ ಹಸೀನಾ ಕೇಳಿದಳು: "ಯಾರಪಾ ಪೈಲ್ವಾನ್? ಏನ್ ಮಾತಿದು?"

"ಏನಿಲ್ಲವ್ವಾ," ಎಂದರು ಮಾವ ನನ್ನ ಪಕ್ಕದ ಸೀಟಿನಿಂದ. "ಅದು ನಮ್ಮ ಟೀಮಿನ ಮಾತು."

ನಮ್ಮ ಟೀಮು. ನಾನು ಸ್ಟೀರಿಂಗ್ ಹಿಡಿದು ಎದೆ ಉಬ್ಬಿಸಿ ಕೂತೆ. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ, ಪರವಾಗಿಲ್ಲ ಎನಿಸಿತು. ಎಷ್ಟು ಹೊತ್ತು ಹಾಗೆಯೇ ಓಡಿಸಿದೆನೋ, ಹಿಂದಿನಿಂದ ರುಬೀನಾ ಕೂಗಿದಳು: "ಡ್ಯಾಡ್! ಯು ಮಿಸ್ಡ್ ಅವರ್ ಸ್ಟ್ರೀಟ್!" ವರ್ಷಗಟ್ಟಲೆ ದಿನಾ ತಿರುಗುವ ತಿರುವು, ಎಲ್ಲೋ ಹಿಂದೆ ಉಳಿದಿತ್ತು.

ಮಾವ ಕಿಟಕಿಯ ಹೊರಗೆ ನೋಡುತ್ತ, ಯಾರಿಗೂ ಅಲ್ಲದಂತೆ ಹೇಳಿದರು: "ಅದಕ್ಕ ನಾ ಎದುರಿಗೆ ಹೇಳೂದಿಲ್ಲ."