ನಳ್ಳಿ ತೆಗೆದ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಗೋಡೆಗಳ ಜೊತೆ ಮಾತಾಡಲು ಬರುತ್ತದೆ. ಮನುಷ್ಯರ ಜೊತೆ ಮಾತಾಡುವುದೇ ಸ್ವಲ್ಪ ಕಷ್ಟ! ಯಾರ ಮನೆಗೆ ಹೋದರೂ ಮೊದಲು ಅಲ್ಲಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಕಿವಿಗೊಡುತ್ತಾರೆ, "ಹ್ಞೂಂ" ಎನ್ನುತ್ತಾರೆ. ಮನೆಯವರ ಕ್ಷೇಮಸಮಾಚಾರ ಏನಿದ್ದರೂ ಆಮೇಲೆ. ನನಗೊಂದು ಸಂಬಂಧ ಕೂಡಿಬಂದಾಗ ಹುಡುಗನ ಮನೆ ನೋಡಲು ಇವರನ್ನೂ ಕರೆದುಕೊಂಡು ಹೋಗಿದ್ದೆವು. ಹುಡುಗನ ಅಪ್ಪ ಕೈ ಮುಗಿದು ಸ್ವಾಗತಿಸುತ್ತಿದ್ದಾಗಲೇ ಇವರು ಹಾಲಿನ ಗೋಡೆಯನ್ನು ತಟ್ಟಿ, "ಟೊಳ್ಳು" ಎಂದರು. ಮಾತುಕತೆ ಅಲ್ಲಿಗೇ ಮುಗಿಯಿತು. (ಹುಡುಗನೂ ಟೊಳ್ಳೇ ಎಂದು ಆಮೇಲೆ ಗೊತ್ತಾಯಿತು, ಆ ಮಾತು ಬೇರೆ.)

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ದೊಡ್ಡಪ್ಪನ ಮನೆ. ದೋಹಾದಲ್ಲಿ ಬಹಳ ಕಾಲ ಸ್ಟೋರ್ ಕೀಪರ್ ಆಗಿದ್ದವರು ಊರಿಗೆ ಬರುವಾಗ ಬಂಗಾರ ತರಲಿಲ್ಲ, ಒಂದು ದೊಡ್ಡ ಟೂಲ್ ಬಾಕ್ಸ್ ತಂದರು. ಅದರೊಳಗಿರುವ ಪ್ರತಿಯೊಂದು ಸಾಮಾನಿನ ಹೆಸರೂ ಅವರಿಗೆ ಗೊತ್ತು. ಸ್ಟೋರ್ ಕೀಪರ್ ಆದವನಿಗೆ ಅದರ ಉಪಯೋಗವೂ ಗೊತ್ತಿರಬೇಕೆಂದು ಕಾನೂನು ಇದೆಯೇ? ಆದರೂ ಮನೆಯೊಳಗೆ ಪ್ಲಂಬರನನ್ನಾಗಲಿ ಎಲೆಕ್ಟ್ರಿಶಿಯನ್ನನನ್ನಾಗಲಿ ಬಿಟ್ಟವರಲ್ಲ. "ಈ ಮನೆಯ ಪೈಪುಗಳೆಲ್ಲ ನನ್ನ ತಲೆಯಲ್ಲಿ ಉಂಟು" ಎನ್ನುತ್ತಾರೆ. ಮನೆಯಲ್ಲಿ ನಾವು ಆಡುವುದು ತುಳು. ನಿಮಗಾಗಿ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಿದ್ದೇನೆ.

ಈ ಸಲ ದೊಡ್ಡಮ್ಮನಿಗೆ ಮಣಿಪಾಲದಲ್ಲಿ ಮೊಣಕಾಲಿನ ಆಪರೇಶನ್ ಆಯಿತು. ಸ್ವಲ್ಪ ದಿನ ಆರೈಕೆಗೆಂದು ಕಾರ್ಕಳದಲ್ಲಿರುವ ಮಗಳು, ಅಂದರೆ ನನ್ನ ಅಕ್ಕ, ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ದೊಡ್ಡಪ್ಪನ ಮೇಲೆ ಒಂದು ಕಣ್ಣಿಡುವ ಕೆಲಸ ಮಣಿಪಾಲದಲ್ಲಿ ನೌಕರಿಯಲ್ಲಿರುವ ನನ್ನ ಪಾಲಿಗೆ ಬಂತು. ಅವರ ಮನೆಯಲ್ಲೇ ಉಳಿದು ಆಫೀಸಿಗೆ ಹೋಗಿಬರತೊಡಗಿದೆ. ನಾನು ಕಣ್ಣಿಟ್ಟದ್ದೇ ತಡ, ಮನೆ ಸೋರಲು ಶುರುವಾಯಿತು!

ಎಲ್ಲಿಂದ ಸೋರುತ್ತದೆ ಎಂದು ಮಾತ್ರ ಗೊತ್ತಿಲ್ಲ. ಟ್ಯಾಂಕ್ ತುಂಬಿಸಿದರೆ ಊಟ ಮುಗಿಯುವಷ್ಟರಲ್ಲಿ ಅರ್ಧ ಖಾಲಿ. ಹಾಲಿನ ಗೋಡೆಯ ಬುಡದಲ್ಲಿ ತೇವ. ಗೋಡೆಯ ಆಚೆ ಬದಿಯಲ್ಲಿ ಬಾತ್‌ರೂಮು. ಅಲ್ಲಿ ಟೈಲುಗಳ ಸಂದಿಯಿಂದ ನೀರು ಜಿನುಗಿ ನೆಲ ಎಷ್ಟು ಒರೆಸಿದರೂ ಒದ್ದೆ. ಸುದ್ದಿ ಕಾರ್ಕಳಕ್ಕೆ ತಲುಪಿತು. ಅಕ್ಕ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದಳು: "ಅಪ್ಪ, ಆ ನೆಲ ಒಣಗದೆ ಅಮ್ಮನನ್ನು ಕಳಿಸುವುದಿಲ್ಲ. ಜಾರಿ ಬಿದ್ದರೆ ಹೊಸ ಮೊಣಕಾಲಿಗೆ ಎಂತ ಗತಿ?"

"ಬೇಡ ಮಾರಾಯ್ತಿ, ಅಲ್ಲೇ ಇರಲಿ. ನನಗೆ ಇಲ್ಲಿ ಎಂತ ತೊಂದರೆ ಉಂಟು?" ಎಂದು ದೊಡ್ಡಪ್ಪ ಫೋನ್ ಇಟ್ಟರು. ಆಮೇಲೆ ಅಡುಗೆಮನೆಗೆ ಹೋಗಿ ಚಹಾ ಮಾಡಿದರು. ಎರಡು ಲೋಟ. ನಾನು ಚಹಾ ಕುಡಿಯುವವಳಲ್ಲ ಎಂದು ಅವರಿಗೆ ಗೊತ್ತು. ಯಾರಿಗೆ ಎಂದು ಕೇಳಿದರೆ, "ಅಳತೆ ತಪ್ಪಿತು" ಎಂದು ಎರಡನ್ನೂ ತಾವೇ ಕುಡಿದರು.

ಮರುದಿನದಿಂದ ಸೋರಿಕೆಯ ಶೋಧ. ಮೊದಲು ಸ್ಟೀಲ್ ಲೋಟವನ್ನು ಗೋಡೆಗೆ ಒತ್ತಿ ಅದಕ್ಕೆ ಕಿವಿಯಿಟ್ಟು ಮನೆಯಿಡೀ ಸುತ್ತಿದರು. ನಾನು ಉಸಿರಾಡಿದರೂ "ಶ್!" ಕಡೆಗೆ ಊಟದ ಕೋಣೆಯಲ್ಲಿ ಅವರ ಮುಖ ಅರಳಿತು. "ಸಿಕ್ಕಿತು! ಗುಳುಗುಳು ಅಂತ ಉಂಟು, ಕೇಳು!" ನಾನೂ ಕಿವಿಯಿಟ್ಟೆ. ಹೌದು, ಗುಳುಗುಳು! ಗೋಡೆಯ ಆಚೆಗೆ ಏನಿದೆ ಎಂದು ನೋಡಿದರೆ ನಮ್ಮದೇ ಫ್ರಿಜ್ಜು.

ಆಮೇಲೆ ಹೊಸ ಉಪಾಯ. ಟ್ಯಾಂಕಿನ ನೀರಿಗೆ ಬಣ್ಣ ಹಾಕಿದರೆ ಸೋರುವ ಜಾಗದಲ್ಲಿ ಬಣ್ಣ ಕಾಣಲೇಬೇಕಲ್ಲ? ದೊಡ್ಡಮ್ಮನ ಡಬ್ಬಿಯಲ್ಲಿದ್ದ ಅರಿಶಿನವನ್ನೆಲ್ಲ ಟ್ಯಾಂಕಿಗೆ ಸುರಿದರು. ನನಗೆ ಒಂದು ಮಾತು ಹೇಳಬೇಕೋ ಬೇಡವೋ? ನಾನು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಸ್ನಾನ ಮಾಡಿ, ಗಡಿಬಿಡಿಯಲ್ಲಿ ಬಸ್ಸು ಹಿಡಿದು ಆಫೀಸಿಗೆ ಹೋದೆ. "ಎಂತ ಮಾರಾಯ್ತಿ, ಮದುವೆ ಇವತ್ತಾ ನಾಳೆಯಾ? ನಮಗೆ ಹೇಳಲೇ ಇಲ್ಲ ಅಲ್ವಾ?" ಎಂದು ಎಲ್ಲರೂ ಮುತ್ತಿಕೊಂಡರು. ಕನ್ನಡಿ ನೋಡಿದರೆ ಮುಖ, ಕುತ್ತಿಗೆ, ಕಿವಿ ಎಲ್ಲ ಹಳದಿ! ನಾನು ಹಳದಿ, ದೊಡ್ಡಪ್ಪನ ಬಿಳಿ ಪಂಚೆ ಹಳದಿ, ಗೋಡೆಯ ತೇವ ಮಾತ್ರ ಮೊದಲಿನ ಹಾಗೆಯೇ ಇತ್ತು. ದೊಡ್ಡಪ್ಪನಿಗೆ ಇದರಿಂದ ಬೇಸರವೇನೂ ಆಗಲಿಲ್ಲ. "ನೋಡಿದೆಯಾ? ಇದು ನಮ್ಮ ನೀರೇ ಅಲ್ಲ" ಎಂದು ತೀರ್ಪು ಕೊಟ್ಟರು.

ಇಷ್ಟಾದ ಮೇಲೆ ನನ್ನ ತಾಳ್ಮೆ ಮುಗಿಯಿತು. ಕಟಪಾಡಿ ಜಂಕ್ಷನ್ನಿಗೆ ಹೋಗಿ ಒಬ್ಬ ಪ್ಲಂಬರನನ್ನು ಕರೆದುಕೊಂಡೇ ಬಂದೆ. ಬಾಗಲಕೋಟೆ ಕಡೆಯವನು. ಬಾಯಿ ತುಂಬ ಮಾತು. ದೊಡ್ಡಪ್ಪ ಬಾಗಿಲಲ್ಲೇ ನಿಂತು, ತುಳುವರು ಹೊರಗಿನವರ ಎದುರು ಆಡುವ ಅಚ್ಚುಕಟ್ಟಾದ ಶಾಲೆಯ ಕನ್ನಡದಲ್ಲಿ ಷರತ್ತು ಹಾಕಿದರು. "ನೀವು ನೋಡಬಹುದು. ಆದರೆ ಒಂದು ಟೈಲನ್ನೂ ಒಡೆಯಬಾರದು. ಇದರ ಜೋಡಿ ಈಗ ಎಲ್ಲಿಯೂ ಸಿಗುವುದಿಲ್ಲ."

"ಬರೇ ನೋಡಿ ಹೋಗಾಕ ನಾ ಏನ್ ಹೆಣ್ಣು ನೋಡಾಕ ಬಂದೀನೇನ್ರೀ?" ಎಂದ ಅವನು. ಆದರೂ ಒಪ್ಪಿಕೊಂಡ. ಪೈಪು ಯಾವ ಕಡೆ ಹೋಗಿದೆ ಎಂದು ಕೇಳಿದ. ದೊಡ್ಡಪ್ಪ ಕಣ್ಣು ಮುಚ್ಚಿ ತಮ್ಮ ತಲೆಯೊಳಗೆ ನೋಡಿಕೊಂಡು, "ಎಡಕ್ಕೆ" ಎಂದರು. ಅವನು ಎಡಗಡೆಯೆಲ್ಲ ತಡಕಾಡಿದ, ಏನೂ ಸಿಗಲಿಲ್ಲ. ನೀರಿನ ರಭಸವನ್ನಾದರೂ ನೋಡೋಣವೆಂದು ತಾರಸಿ ಹತ್ತಿದ. ಟ್ಯಾಂಕಿನ ಹತ್ತಿರ ನಿಂತು ಮೇಲಿನಿಂದ ಕೂಗಿದ: "ಯಜಮಾನ್ರ! ಬಾತ್‌ರೂಮಿನ ನಳಾ ತಗೀರಿ!"

ಇಲ್ಲಿ ಸ್ವಲ್ಪ ವ್ಯಾಕರಣ. ಅವನ ಊರಿನಲ್ಲಿ ಬಾಗಿಲು ತೆಗೆದ ಹಾಗೆ ನಳವನ್ನೂ ತೆಗೆಯುತ್ತಾರೆ. ನಮ್ಮ ದೊಡ್ಡಪ್ಪನ ಲೆಕ್ಕದಲ್ಲಿ ನಳ್ಳಿಯನ್ನು "ಬಿಡುತ್ತಾರೆ". ತೆಗೆಯುವುದೆಂದರೆ ಕಿತ್ತು ತೆಗೆಯುವುದು! "ಇವನಿಗೆ ಕೆಲಸ ಗೊತ್ತುಂಟು" ಎಂದು ಮೊದಲ ಬಾರಿ ಮೆಚ್ಚಿಕೊಂಡು, ದೋಹಾದ ದೊಡ್ಡ ಸ್ಪಾನರ್ ಹಿಡಿದು ಒಳಗೆ ಹೋದರು. ನಾನು "ದೊಡ್ಡಪ್ಪಾ..." ಎನ್ನುವಷ್ಟರಲ್ಲಿ ಢಬ್ಬೆಂದು ಸದ್ದಾಯಿತು. ನಳ್ಳಿ ಒಂದು ಕಡೆ, ಕನ್ನಡಕ ಒಂದು ಕಡೆ, ಟ್ಯಾಂಕಿನಲ್ಲಿ ಉಳಿದಿದ್ದ ಅರಿಶಿನದ ನೀರೆಲ್ಲ ದೊಡ್ಡಪ್ಪನ ಮೇಲೆ!

ಪ್ಲಂಬರ್ ಓಡಿಬಂದು ನೋಡಿ ತಲೆಯ ಮೇಲೆ ಕೈಹೊತ್ತ. "ಅಯ್ಯ ನಮ್ಮಪ್ಪ! ತಗೀರಿ ಅಂದ್ರ ಕಿತ್ತು ಒಗೀರಿ ಅಂದಂಗೇನ್ರೀ?"

ಹಳದಿ ನೀರು ಸುರಿಸುತ್ತಾ ನಿಂತಿದ್ದ ದೊಡ್ಡಪ್ಪ ಗಂಭೀರವಾಗಿ ಕೇಳಿದರು: "ತೆಗೆಯಿರಿ ಎಂದು ಹೇಳಿದ್ದು ನೀವೇ ಅಲ್ವಾ? ನನ್ನ ಕನ್ನಡದಲ್ಲಿ ತಪ್ಪೆಂತ ಉಂಟು?"

ಆ ದಿನದ ಕೆಲಸ ನಳ್ಳಿಯನ್ನು ಮತ್ತೆ ಕೂರಿಸುವುದರಲ್ಲೇ ಮುಗಿಯಿತು. ಸಂಜೆ ಅಕ್ಕ ಫೋನ್ ಮಾಡಿ, "ಅಮ್ಮ ಇನ್ನು ಇಲ್ಲಿಯೇ ಇರಲಿ ಬಿಡಿ ಅಪ್ಪ, ಮಳೆಗಾಲ ಕಳೆಯಲಿ" ಎಂದಳು. ದೊಡ್ಡಪ್ಪ "ಸರಿ" ಎಂದರು. ಆದರೆ ಊಟಕ್ಕೆ ಕೂತವರು ಗಂಜಿಯಲ್ಲಿ ಸುಮ್ಮನೆ ಕೈಯಾಡಿಸಿ ಎದ್ದುಬಿಟ್ಟರು. ನನಗೆ ಅವರನ್ನು ಗೇಲಿ ಮಾಡುವ ಮನಸ್ಸಾಗಲಿಲ್ಲ.

ಮರುದಿನ ಪ್ಲಂಬರ್ ಮತ್ತೆ ಬಂದ. ಅವನು ಬರುವಾಗ ನಾನು ಬಾತ್‌ರೂಮಿನ ನೆಲದಲ್ಲಿ ಕೂತು ಒರೆಸುತ್ತಿದ್ದೆ. ಏಳಲೆಂದು ಕಮೋಡಿನ ಪಕ್ಕದ ಗೋಡೆಯಲ್ಲಿದ್ದ ಸ್ಟೀಲಿನ ಹಿಡಿಕೆ ಹಿಡಿದೆ. ಹಿಡಿಕೆಯ ಬುಡದಿಂದ ತಣ್ಣನೆಯ ನೀರು ಕೈಮೇಲೆ ಇಳಿದು ಮೊಣಕೈವರೆಗೆ ಬಂತು. ದೊಡ್ಡಮ್ಮ ಆಸ್ಪತ್ರೆಯಲ್ಲಿದ್ದಾಗ ದೊಡ್ಡಪ್ಪ ಮನೆಗೆ ಬಂದು ತಮ್ಮದೇ ಡ್ರಿಲ್ಲಿನಿಂದ ಕೊರೆದು ಕೂರಿಸಿದ್ದ ಹಿಡಿಕೆ ಅದು.

"ಅಲ್ಲಿ ಪೈಪ್ ಇಲ್ಲ. ಪೈಪ್ ಎಡಗಡೆ ಉಂಟು" ಎಂದರು ದೊಡ್ಡಪ್ಪ, ಹತ್ತಿರ ಬಂದು ಬಗ್ಗಿ ನೋಡುತ್ತಾ. ಪ್ಲಂಬರ್ ಹಿಡಿಕೆಯ ಒಂದು ಸ್ಕ್ರೂ ಸಡಿಲಿಸಿದ. ನೀರು ಚಿಮ್ಮಿ ನೇರವಾಗಿ ದೊಡ್ಡಪ್ಪನ ಕನ್ನಡಕಕ್ಕೆ ಹೊಡೆಯಿತು. ಅವರ ತಲೆಯಲ್ಲಿ ಎಡಕ್ಕೆ ಹೋಗಿದ್ದ ಪೈಪು ಗೋಡೆಯಲ್ಲಿ ಬಲಕ್ಕೇ ಹೋಗಿತ್ತು! ಇವರ ಸ್ಕ್ರೂ ಹೋಗಿ ಅದರ ಹೊಟ್ಟೆಗೇ ಹೊಕ್ಕಿತ್ತು. ಸೋರಿದ ನೀರಿನ ಅರಿಶಿನವನ್ನೆಲ್ಲ ಗೋಡೆಯ ಸಿಮೆಂಟೇ ಸೋಸಿಕೊಂಡಿತ್ತು.

ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. ಹೆಂಡತಿಗೆಂದು ಹಾಕಿದ ಹಿಡಿಕೆಯೇ ಹೆಂಡತಿಯನ್ನು ಮನೆಗೆ ಬಾರದಂತೆ ತಡೆದಿತ್ತು!

ಪ್ಲಂಬರನಿಗೆ ಸುಲಭದ ದಾರಿ ಗೊತ್ತಿತ್ತು. "ಒಂದ ಟೈಲ್ ಒಡದು ಪೈಪಿಗೆ ಜಾಯಿಂಟ್ ಹಾಕ್ತೀನ್ರೀ. ಈ ಹಿಡಿಕಿ ಅತ್ತಾಗ ಸರಿಸೂಣು. ಹೆಂಗಿದ್ರೂ ಸೊಟ್ಟ ಐತಿ, ನೆಟ್ಟಗ ಹಾಕಿಕೊಡ್ತೀನಿ."

ನಿಜ, ಹಿಡಿಕೆ ಓರೆಯಾಗಿತ್ತು. ಪರರ ಮನೆಯ ಕ್ಯಾಲೆಂಡರನ್ನೂ ನೇರ ಮಾಡಿ ಬರುವ ಮನುಷ್ಯ ಇದನ್ನು ಹೇಗೆ ಹೀಗೆ ಹಾಕಿದರು?

"ಹಿಡಿಕೆ ಇದ್ದಲ್ಲೇ ಇರಬೇಕು. ಪೈಪನ್ನು ಸುತ್ತಿಸಿ ತನ್ನಿ" ಎಂದರು ದೊಡ್ಡಪ್ಪ.

"ಹಂಗಾದ್ರ ಅರ್ಧ ಗೋಡಿ ಒಡೀಬೇಕಾಗ್ತೈತ್ರೀ!"

"ಒಡೆಯಿರಿ."

ನಾನು ಬಾಯಿ ಬಿಟ್ಟುಕೊಂಡು ಅವರನ್ನೇ ನೋಡಿದೆ. ಅವರು ಹಿಡಿಕೆಯ ಕೆಳತುದಿಯನ್ನು ಮುಟ್ಟಿ ತೋರಿಸುತ್ತಾ ನನಗೆ ಮಾತ್ರ ಕೇಳುವಂತೆ ಹೇಳಿದರು: "ಅವಳು ಏಳುವಾಗ ಕೈ ಮೊದಲು ಇಲ್ಲಿ ಹಿಡಿಯುತ್ತದೆ. ಅರ್ಧ ಎದ್ದ ಮೇಲೆ ಸ್ವಲ್ಪ ನಿಲ್ಲುತ್ತಾಳೆ, ನೋವು ಉಂಟಲ್ಲ. ಆಮೇಲೆ ಕೈ ಇಲ್ಲಿಗೆ, ಈ ಮೇಲಿನ ತುದಿಗೆ ಬರುತ್ತದೆ. ನಾನು ನೋಡಿದ್ದೇನೆ." ಆಸ್ಪತ್ರೆಯಲ್ಲಿ ಇಡೀ ದಿನ ಪೇಪರ್ ಹಿಡಿದುಕೊಂಡು, ಹೆಂಡತಿಯ ಹತ್ತಿರ ಒಂದು ಮಾತೂ ಆಡದೆ ಕೂತಿದ್ದಾರಲ್ಲ ಎಂದು ನಾವೆಲ್ಲ ಆಡಿಕೊಂಡಿದ್ದೆವು. ಅವರು ಪೇಪರ್ ಓದುತ್ತಲೇ ಇರಲಿಲ್ಲ!

ಗೋಡೆ ಒಡೆದರು, ಪೈಪು ಸುತ್ತಿ ಬಂತು, ನೆಲ ಒಣಗಿತು. ದೊಡ್ಡಮ್ಮ ವಾಕರ್ ಹಿಡಿದು ಕಾರಿನಿಂದ ಇಳಿದರು. ಬಾತ್‌ರೂಮಿನ ಹಸಿರು ಟೈಲುಗಳ ನಡುವೆ ಹೊಸ ಬಿಳಿ ಟೈಲುಗಳನ್ನು ಕಂಡು, "ಇದೆಂತ, ಹರಿದ ಲಂಗಕ್ಕೆ ತೇಪೆ ಹಾಕಿದ ಹಾಗೆ!" ಎಂದು ಬೈದುಕೊಂಡೇ ಒಳಗೆ ಹೋದರು. ನಾವಿಬ್ಬರೂ ಹೊರಗೆ ನಿಂತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅವರ ಸ್ವರ ಕೇಳಿತು.

"ಈ ಹಿಡಿಕೆ ಹಾಕಿದ್ದು ಯಾರು? ಸರಿಯಾಗಿ ಕೈಗೇ ಸಿಗ್ತದಲ್ಲ!"

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ಕಣ್ಣಲ್ಲೇ ನನ್ನನ್ನು ಸುಮ್ಮನಾಗಿಸಿದರು.

"ಪ್ಲಂಬರ್" ಎಂದರು.

"ಪುಣ್ಯಾತ್ಮ! ನಿಮಗೆ ಇದೆಲ್ಲ ಎಲ್ಲಿ ಹೊಳೆಯಬೇಕು?"

"ಹೌದು," ಎಂದರು ದೊಡ್ಡಪ್ಪ, "ಒಳ್ಳೆಯ ಮನುಷ್ಯ ಅವನು."