ಈ ಬದನೆಕಾಯಿ ನನ್ನವಲ್ಲ

ಇಂದ,
ಬಾಳಕೃಷ್ಣ ತಡಕೋಡ,
ವಿಜ್ಞಾನ ಶಿಕ್ಷಕ ಹಾಗೂ ಶಾಲಾ ಕೈತೋಟದ ಉಸ್ತುವಾರಿ,
ಕುಂದಗೋಳ ತಾಲ್ಲೂಕು.

ಗೆ,
ಶ್ರೀಮತಿ ರಂಜನಾ ಮೇಡಂ,
ಮುಖ್ಯೋಪಾಧ್ಯಾಯಿನಿಯವರು,
ಅದೇ ಶಾಲೆ, ಪಕ್ಕದ ಕೋಣೆ.

ವಿಷಯ: ಬರುವ ಶುಕ್ರವಾರ ನನಗೆ ಹೊದಿಸಲಿರುವ ಶಾಲನ್ನು ಬಿಸಿಯೂಟದ ಅಡುಗೆಯವರಾದ ಮೈಲಾರವ್ವ ಅವರಿಗೆ ಹೊದಿಸುವ ಕುರಿತು.

ಉಲ್ಲೇಖ: ೧) ನನ್ನನ್ನು ಉಸ್ತುವಾರಿ ಮಾಡಿದ ತಮ್ಮ ಜೂನ್ ತಿಂಗಳ ಮೌಖಿಕ ಆದೇಶ.
೨) ನಮ್ಮದು ತಾಲ್ಲೂಕಿನ ಅತ್ಯುತ್ತಮ ಶಾಲಾ ಕೈತೋಟ ಎಂದು ಬಂದ ಪತ್ರ.
೩) ನಿನ್ನೆ ಬೆಳಿಗ್ಗೆ ನಾನು ಕಣ್ಣಾರೆ ಕಂಡದ್ದು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅಡುಗೆ ಕೋಣೆಗೂ ನೀರಿನ ಟಾಕಿಗೂ ನಡುವೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗವಿದೆ. ಅಲ್ಲಿ ಕಾಯಿಪಲ್ಲೆ ಬೆಳೆಯುವ ಮಾತು ಸಭೆಯಲ್ಲಿ ಬಂದಾಗ, ಯಾರೂ ಕೇಳದಿದ್ದರೂ, ಎರೆಮಣ್ಣಿನ ಗುಣಗಳ ಬಗ್ಗೆ ನಾನು ಇಪ್ಪತ್ತು ನಿಮಿಷ ಮಾತನಾಡಿದೆ. ಕಾರಣ ಉಸ್ತುವಾರಿ ನನಗೇ ಬಂತು.

೨. ಮೊಬೈಲಿನಲ್ಲಿ ಹನ್ನೊಂದು ವಿಡಿಯೊ ನೋಡಿ, ಯಾವಾಗ ಎಷ್ಟು ನೀರು ಎಂಬುದರ ಒಂದು ತಖ್ತೆ ಬರೆದು ಗೋಡೆಗೆ ಅಂಟಿಸಿದೆ. ಬದನೆ, ಮೆಣಸಿನಕಾಯಿ, ಮೆಂತ್ಯ ಬಿತ್ತಿದೆ. ತಖ್ತೆಯ ಪ್ರಕಾರ ದಿನಕ್ಕೆರಡು ಸಲ ನೀರು ಹಾಕಿಸಿದೆ. ಮೇಲೆ ಮಳೆಯೂ ಹಿಡಿದಿತ್ತು.

೩. ಒಂದು ದಿನ ಮೈಲಾರವ್ವ ಅಕ್ಕಿ ತೊಳೆಯುತ್ತಲೇ ಹೇಳಿದರು: "ಸರ, ಎರಿ ಮಣ್ಣಿಗೆ ಇಷ್ಟ್ ನೀರ್ ಹಾಕಬ್ಯಾಡ್ರಿ. ಬೇರು ಕೊಳೀತಾವ."

ನಾನು ಹೇಳಿದ್ದು: "ನೀವು ನಿಮ್ಮ ಅಡಿಗಿ ನೋಡ್ಕೋರಿ."

ಈ ವಾಕ್ಯವನ್ನು ಹಿಂಪಡೆಯಲು ಅವಕಾಶವಿದ್ದಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸಲು ಸಿದ್ಧನಿದ್ದೇನೆ.

೪. ಆಗಸ್ಟಿನಲ್ಲಿ ನನ್ನನ್ನು ಹದಿನೈದು ದಿನದ ತರಬೇತಿಗೆಂದು ಧಾರವಾಡಕ್ಕೆ ಕಳಿಸಿದಿರಿ. ಹೋಗುವಾಗ ತೋಟದಲ್ಲಿ ಇದ್ದದ್ದು ಕೆಸರು. ಬಂದು ನೋಡಿದರೆ ಸಾಲು ಹಿಡಿದು ಗೇಣುದ್ದದ ಸಸಿಗಳು. ನನ್ನ ಬೀಜಗಳೇ ತಡವಾಗಿ ಮೊಳೆತವೆಂದು ನಂಬಿದೆ. ಏಳನೇ ತರಗತಿಗೆ "ತಡ ಮೊಳಕೆ" ಎಂಬ ವಿಷಯದ ಮೇಲೆ ಪಾಠವನ್ನೂ ಮಾಡಿದೆ. ಮಕ್ಕಳು ಬಹಳ ಶಾಂತವಾಗಿ ಕೇಳಿದರು. ಅಷ್ಟು ಶಾಂತವಾಗಿದ್ದಾಗಲೇ ನನಗೆ ಸಂಶಯ ಬರಬೇಕಿತ್ತು.

೫. ನವೆಂಬರಿನಲ್ಲಿ ತಪಾಸಣೆಗೆ ಬಂದವರು ಬದನೆಕಾಯಿ ಹಿಡಿದುಕೊಂಡು ನನ್ನ ಜೊತೆ ಫೋಟೊ ತೆಗೆಸಿಕೊಂಡರು. ಅದರಲ್ಲಿ ನಾನು ನಕ್ಕಿದ್ದೇನೆ.

೬. ಶುಕ್ರವಾರದ ನನ್ನ ಭಾಷಣಕ್ಕೆ ನಾಲ್ಕು ಫೋಟೊ ಬೇಕೆಂದು ನಿನ್ನೆ ಎಂಟೂವರೆಗೇ ಶಾಲೆಗೆ ಬಂದೆ. ಮೈಲಾರವ್ವ ಒಡೆದ ಬಕೀಟಿನಲ್ಲಿ ಮನೆಯಿಂದ ಮೆಣಸಿನ ಸಸಿ ತಂದು, ಕುರಿಗೊಬ್ಬರ ಹಾಕಿ ನೆಡುತ್ತಿದ್ದರು.

"ಏನ್ ಮಾಡ್ಲಿಕ್ಕತ್ತೀರಿ, ಮೈಲಾರವ್ವ?"

"ನಿಮ್ಮ ಗಿಡಾ ಹಚ್ಚಾಕತ್ತೇನ್ರಿ, ಸರ. ನಾಕು ಒಣಗಿದ್ವು. ಶುಕ್ರವಾರ ಮಂದಿ ಬರತೈತಿ, ಸಾಲು ಖಾಲಿ ಕಾಣಬಾರದು."

"ಹಂಗಾರ ನಾ ಹಚ್ಚಿದ್ದು?"

"ಅವು ಜುಲೈದಾಗ ಸತ್ತಾವ್ರಿ."

"ನನಗ ಯಾಕ ಹೇಳಲಿಲ್ಲ?"

ಅವರು ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಒಮ್ಮೆ ಹೇಳಿದ್ನೆಲ್ರಿ. ಮತ್ತ ನೀವು ಹುಡುಗೂರ ಮುಂದ ಅಷ್ಟ್ ಖುಷೀಲೆ ಹೇಳಾಕತ್ತಿದ್ರಿ. ಸುಮ್ನಾದೆ."

ಮೇಡಂ, ಹದಿನೆಂಟು ವರ್ಷದ ಸೇವೆಯಲ್ಲಿ ನನ್ನ ಮೇಲೆ ಇಷ್ಟು ಮೃದುವಾಗಿ ಯಾರೂ ಕ್ರಮ ಕೈಗೊಂಡಿರಲಿಲ್ಲ. ಸ್ವಲ್ಪ ಹೊತ್ತು ಟಾಕಿಯ ಕಟ್ಟೆಯ ಮೇಲೆ ಕೂತೆ. ಅವರು ಚಹಾ ಕೊಟ್ಟರು.

೭. ಆದ್ದರಿಂದ ಮೊದಲ ತಾಸಿನಲ್ಲೇ ಏಳನೇ ತರಗತಿಗೆ ಹೋಗಿ, ತಡ ಮೊಳಕೆಯ ಪಾಠವನ್ನು ರದ್ದುಪಡಿಸಿರುವುದಾಗಿಯೂ, ಗಿಡಗಳು ಮೈಲಾರವ್ವ ಅವರವೆಂದೂ ತಿಳಿಸಿದೆ.

"ಗೊತ್ತೈತ್ರಿ ಸರ," ಎಂದಿತು ಇಡೀ ತರಗತಿ.

ಮುಂದಿನ ಬೆಂಚಿನ ಅನ್ನಪೂರ್ಣಾ ಎದ್ದು ನಿಂತು, "ಅಕ್ಕೋರಿಗೂ ಗೊತ್ತೈತ್ರಿ," ಎಂದಳು. ಅಕ್ಕೋರು ಎಂದರೆ ತಾವು. ಈ ಅಂಶದ ಬಗ್ಗೆ ತಮ್ಮಿಂದ ಯಾವ ವಿವರಣೆಯನ್ನೂ ಕೋರುವುದಿಲ್ಲ.

೮. ಶಾಲು ಅವರಿಗೇ ಸಲ್ಲಬೇಕು ಎಂದರೆ ಮೈಲಾರವ್ವ ಮೊದಲು ಒಪ್ಪಲಿಲ್ಲ. "ಶಾಲು ಹೊತ್ಕೊಂಡು ಒಲಿ ಮುಂದ ಕುಂದ್ರಲೇನ್ರಿ?" ಎಂದರು. ಮಧ್ಯಾಹ್ನದವರೆಗೆ ಬೆನ್ನು ಹತ್ತಿದೆ. ಕೊನೆಗೆ, ತಾನು ವೇದಿಕೆ ಮೇಲೆ ಕೂತರೆ ಅವತ್ತು ಎಂಬತ್ತಾರು ಮಕ್ಕಳಿಗೆ ಅಡುಗೆ ಮಾಡುವವರಾರು ಎಂದು ಕೇಳಿದರು. "ನಾ ಮಾಡ್ತೇನಿ," ಎಂದುಬಿಟ್ಟೆ. ಅವರು ನನ್ನನ್ನು ಬಹಳ ಹೊತ್ತು ನೋಡಿ, ಒಪ್ಪಿದರು.

ಕಾರಣ, ಸದರಿ ಶಾಲು, ಪ್ರಮಾಣಪತ್ರ ಮತ್ತು ವೇದಿಕೆಯ ಮೊದಲ ಸಾಲಿನ ಕುರ್ಚಿಯನ್ನು ಮೈಲಾರವ್ವ ಅವರ ಹೆಸರಿಗೆ ಬದಲಾಯಿಸಬೇಕೆಂದೂ, ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ನನ್ನನ್ನು ಅಡುಗೆ ಕೋಣೆಗೆ ನಿಯೋಜಿಸಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ (ವಿಶ್ವಾಸ ಇನ್ನೂ ಉಳಿದಿದ್ದಲ್ಲಿ),
ಬಾಳಕೃಷ್ಣ ತಡಕೋಡ

ಅಡಕ:
೧) ಗೋಡೆಯಿಂದ ಕಿತ್ತ ತಖ್ತೆ, ಒಂದು.
೨) ಮಾಡಬೇಕಿದ್ದ ಭಾಷಣ, ನಾಲ್ಕು ಪುಟ. ಓದುವ ಅಗತ್ಯವಿಲ್ಲ.
೩) ಬದನೆಕಾಯಿ, ಮೂರು. ಮೈಲಾರವ್ವ ಕೊಟ್ಟದ್ದು, ಇಂದೇ ಎಣ್ಣೆಗಾಯಿ ಮಾಡುವುದು.

ವಿಶೇಷ ಸೂಚನೆ: ನಾನು ಈವರೆಗೆ ಚಹಾ ಬಿಟ್ಟು ಬೇರೇನೂ ಮಾಡಿದವನಲ್ಲ. ಆದಕಾರಣ ಶುಕ್ರವಾರ ಎಲ್ಲರೂ ಮನೆಯಿಂದ ಬುತ್ತಿ ಕಟ್ಟಿಕೊಂಡು ಬರುವಂತೆ ಸುತ್ತೋಲೆ ಹೊರಡಿಸಬೇಕಾಗಿ ವಿನಂತಿ.